ಗೋಣಿಚೀಲದಲ್ಲಿ ಕಾಲ ನೋಡುತ್ತಿದ್ದ ಕೊಟ್ರಪ್ಪ ಸರ್

ಕೊಟ್ರಪ್ಪ ಸರ್ ಗೋಣಿಚೀಲದ ಬಾಯಿ ಬಿಚ್ಚಿ, ಒಳಗೆ ಇಣುಕಿ, ಅಂದು ನಾವು ಯಾವ ಕಾಲದಲ್ಲಿದ್ದೇವೆ ಎಂಬುದನ್ನು ತೀರ್ಮಾನಿಸುತ್ತಿದ್ದರು. ಗ್ಲೌಸ್ ಇಲ್ಲದಿದ್ದರೆ ಅದು ಬೇಸ್‌ಬಾಲಿನ ಆದಿಕಾಲ. ಒಂದೇ ಚೆಂಡಿದ್ದರೆ ನೂರು ವರ್ಷ ಹಿಂದಿನದು. ಹೆಲ್ಮೆಟ್ ಸಿಕ್ಕ ದಿನ ಮಾತ್ರ ನಾವು ಸ್ವಲ್ಪ ಈಚೆಗೆ ಬರುತ್ತಿದ್ದೆವು.

ಯಶವಂತನಗರದ ಸಮೀಪದ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಅವರು ದೈಹಿಕ ಶಿಕ್ಷಣ ಹೇಳಿಕೊಡುತ್ತಿದ್ದರು. ಬೇಸ್‌ಬಾಲನ್ನು ಅವರು ಕಲಿತದ್ದು ಒಂದು ವಾರದ ಶಿಬಿರದಲ್ಲಿ ಮತ್ತು ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕದಿಂದ. ಸಾಮಗ್ರಿಯ ಕೊರತೆಯನ್ನು ಅವರು ಎಂದೂ ಕೊರತೆ ಎನ್ನಲಿಲ್ಲ, ಇತಿಹಾಸ ಎಂದರು.

"ಗ್ಲೌಸ್ ಹರಿದಾವು, ಹೊಲಿಯಾಕ ಕೊಟ್ಟೀನಿ. ಇವತ್ತು ಬರಿಗೈ. ಆಗಿನವ್ರು ಹಿಂಗ ಆಡ್ತಿದ್ರು. ಗ್ಲೌಸ್ ಹಾಕ್ಕೊಂಡು ಬಂದವನ್ನ ಹೆಣ್ಣಿಗ ಅಂತ ನಗ್ತಿದ್ರು."

"ನಾವು ಹೆಣ್ಣುಮಕ್ಕಳ ಅದೀವಲ್ರಿ ಸರ್, ನಮಗಾದ್ರೂ ಕೊಡ್ರಿ!" ಎಂದು ಗೆಳತಿ ನಾಗವೇಣಿ ಕೂಗಿದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಸರ್ ಅವರೇ.

ಬರಿಗೈಯ ದಿನಗಳಲ್ಲಿ, ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ಬ್ಯಾಟ್ ಬೀಸಿದವಳು ಔಟ್. ಮೊದಮೊದಲು ಆಟದ ನಿಯಮವೇ ಹಾಗಿತ್ತಂತೆ. "ಕೈ ಉಳೀಬೇಕಲ್ಲ ಮತ್ತ," ಎನ್ನುತ್ತಿದ್ದರು. ಒಂದೇ ಚೆಂಡಿನ ದಿನ, "ಆಗಿನವ್ರ ಚೆಂಡು ಸಂಜಿಮಟ ಆಡಿ ಕರ್ರಗಾಗ್ತಿತ್ತು, ನಮ್ದು ಅದಿರಿನ ಧೂಳಿಗೆ ಕೆಂಪಗಾತು. ಅಷ್ಟ ಫರಕು," ಎಂದರು. ಕಪ್ಪು ವರ್ಣದ ಆಟಗಾರರನ್ನು ದಶಕಗಳ ಕಾಲ ದೊಡ್ಡ ತಂಡಗಳಿಗೆ ಸೇರಿಸಲಿಲ್ಲ ಎಂದು ಹೇಳುವಾಗ ಮಾತ್ರ ಅವರು ಕುಳಿತುಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ಹೆಂಗಸರ ತಂಡಗಳೇ ಆಡಿದವೆಂದು ಹೇಳುವಾಗ ಎದ್ದು ನಿಲ್ಲುತ್ತಿದ್ದರು.

ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಆದರೆ ಯಾವ ನಿಯಮ ಇಂದಿಗೂ ಉಳಿದಿದೆ, ಯಾವುದು ಅಳಿದಿದೆ ಎಂಬುದು ನನ್ನ ಟಿಪ್ಪಣಿಯಿಂದ ನನಗೇ ತಿಳಿಯುತ್ತಿರಲಿಲ್ಲ. ಮತ್ತೆ ಕೇಳಿದರೆ ದಡ್ಡಿ ಎಂದಾರು ಎಂಬ ಅಂಜಿಕೆಯಿಂದ ಕೇಳಲೂ ಇಲ್ಲ.

ನನ್ನ ತಂದೆ ಅದಿರಿನ ಲಾರಿ ಓಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವರಿರಲಿಲ್ಲ. ಹೊಸಪೇಟೆಯ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುವುದೆಂದು ತೀರ್ಮಾನವಾಗಿತ್ತು. ಅಂಕಗಳ ಮೇಲೆ ನನಗೆ ಭರವಸೆಯಿರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಸೀಟು ಖಚಿತವಿತ್ತು.

ಆಯ್ಕೆಯ ಪಂದ್ಯ ಹೊಸಪೇಟೆಯಲ್ಲಿ ನಡೆಯಿತು. ಅಂದು ನನ್ನ ಕೈಯಲ್ಲಿ ಎರವಲು ತಂದ ಒಳ್ಳೆಯ ಗ್ಲೌಸ್ ಇತ್ತು. ಚೆಂಡು ಎತ್ತರಕ್ಕೆ ಹಾರಿ ನೇರವಾಗಿ ನನ್ನತ್ತ ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಅದನ್ನು ನೆಲಕ್ಕೆ ಪುಟಿಯಲು ಬಿಟ್ಟು, ಸೊಗಸಾಗಿ ಹಿಡಿದು, ಕೈ ಮೇಲೆತ್ತಿ ನಿಂತೆ.

"ಎಸಿಯೇ ಹುಲಿಗೀ, ಎಸಿ!" ಎಂದು ನಾಗವೇಣಿ ನನ್ನ ಹೆಸರು ಹಿಡಿದು ಅರಚುತ್ತಿದ್ದಳು. ನಾನು ಅದನ್ನು ಮೆಚ್ಚುಗೆಯೆಂದು ಭಾವಿಸಿದೆ. ಅಷ್ಟರಲ್ಲಿ ಎದುರಾಳಿಗಳಲ್ಲಿ ಇಬ್ಬರು ಓಟ ಮುಗಿಸಿದ್ದರು.

"ಔಟ್ ಆತಂತ ನಿಂತಿಯೇನವಾ?" ಎಂದು ಆಯ್ಕೆಗಾರರೊಬ್ಬರು ಕೇಳಿದರು.

ಕೊಟ್ರಪ್ಪ ಸರ್ ಮೈದಾನದೊಳಕ್ಕೇ ಓಡಿಬಂದರು. "ಆಕಿ ತಪ್ಪಿಲ್ರಿ. ನಾ ಕಲಿಸಿದ ಆಟಾನ ಆಡ್ಯಾಳ. ಸ್ವಲ್ಪ ಹಳೇದು."

"ಎಷ್ಟು ಹಳೇದ್ರಿ?"

"ನೂರೈವತ್ತು ವರ್ಷ."

ಎಲ್ಲರೂ ನಕ್ಕರು. ನನ್ನ ಆಯ್ಕೆ ಆಗಲಿಲ್ಲ.

ಆ ನಿಯಮ ಈಗಿಲ್ಲ ಎಂದು ಸರ್ ಹಿಂದಿನ ದಿನ ಮೂರು ಸಲ ಹೇಳಿದ್ದರೆಂದು ನಾಗವೇಣಿ ಆಣೆ ಮಾಡುತ್ತಾಳೆ. ಹೇಳಲೇ ಇಲ್ಲವೆಂದು ನನ್ನ ನೆನಪು. ಇದರಲ್ಲಿ ಯಾವುದು ಸತ್ಯವೋ ತಿಳಿಯದು. ತಿಂಗಳುಗಟ್ಟಲೆ ನಾನು ಅವರೊಡನೆ ಮಾತನಾಡಲಿಲ್ಲ.

ಪದವಿ ಕಾಲೇಜಿಗೆ ಅರ್ಜಿ ಕೊಡುವ ದಿನ ಅವರು ಕರೆಯದೆಯೇ ಬಂದು, ಅಲ್ಲಿನ ಪ್ರಾಂಶುಪಾಲರಿಗೆ ಸ್ವಹಸ್ತದ ಪತ್ರವೊಂದನ್ನು ಕೊಟ್ಟರು: "ಈ ವಿದ್ಯಾರ್ಥಿನಿಯು ಆಯ್ಕೆಯಾಗದಿರಲು ಅವಳ ಆಟ ಕಾರಣವಲ್ಲ, ನನ್ನ ಬೋಧನೆ ಕಾರಣ." ಪ್ರಾಂಶುಪಾಲರು ಅದನ್ನು ಎರಡು ಬಾರಿ ಓದಿ, ನನ್ನ ಅರ್ಜಿಯ ಹಿಂದೆ ಸಿಕ್ಕಿಸಿದರು. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹೇಗೆ ಬಂತೆಂದು ಯಾರೂ ತಿಳಿಸಲಿಲ್ಲ.

ಪದವಿಯ ಫಲಿತಾಂಶ ಬಂದಾಗ ಕಂಪ್ಲಿಯ ಅವರ ಮನೆಗೆ ಹೋದೆ. ನಿವೃತ್ತರಾಗಿದ್ದರು, ಪಾದಗಳು ಊದಿದ್ದವು. ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದವರು, "ಈಗ ಚೆಂಡು ಒಗಿಯಾಕೂ ಗಡಿಯಾರ ಇಟ್ಟಾರ ನೋಡವಾ, ಜಲ್ದಿ ಒಗಿ ಅಂತ!" ಎಂದು ಅಚ್ಚರಿಪಟ್ಟರು. ಆಮೇಲೆ ಮೊಬೈಲನ್ನು ಮಗುಚಿಟ್ಟು ಕೇಳಿದರು: "ಹುಲಿಗೆವ್ವಾ, ಅವತ್ತು ನನ್ನ ಪತ್ರ ಕೆಲಸ ಮಾಡ್ತೇನು?"

ತಪ್ಪು ಮಾತಾಡಿಬಿಟ್ಟೇನೆಂಬುದು ನನ್ನ ಹಳೆಯ ಅಂಜಿಕೆ. "ಗೊತ್ತಿಲ್ಲ ಸರ್. ಅಂಕಗಳಿಂದಲೂ ಆಗಿರಬಹುದು," ಎಂದೆ.

"ಹೌದಾ? ಇರ್ಲಿ ಬಿಡು. ಚಾ ಕುಡಿ, ಆರ್ತೈತಿ," ಎಂದರು.

ಎರಡು ತಿಂಗಳ ಬಳಿಕ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಪತ್ನಿ ನನ್ನ ಕೈ ಹಿಡಿದು ಪಕ್ಕದವರಿಗೆ ಹೇಳಿದರು: "ನಮ್ಮನಿಯವ್ರು ಪತ್ರ ಬರದು ಕಾಲೇಜಿಗೆ ಸೇರ್ಸಿದ್ರಲ್ಲ, ಆ ಹುಡುಗಿ ಈಕಿನ. ಎಲ್ಲಾರ ಮುಂದೂ ಹೇಳ್ತಿದ್ರು."

ನಾನು ತಿದ್ದಲಿಲ್ಲ. ಹೌದೆಂದು ತಲೆಯಾಡಿಸಿದೆ.