ಸಮಾಧಾನ ಹೇಳದ ಅಕ್ಕ

ಬೆಳಗಿನ ಆರು ಗಂಟೆ. ಆರೋಗ್ಯ ಕೇಂದ್ರದ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೆ ಮೊಬೈಲ್ ಒರಗಿಸಿ ನರ್ಸಕ್ಕ ಕೂತಿದ್ದಾರೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಪರದೆಯಲ್ಲಿ ದೂರದ ನಗರದ ತರಬೇತುದಾರರು ಗಾಬರಿಗೊಂಡ ಹುಡುಗನಂತೆ ನಟಿಸುತ್ತಾರೆ. ಈಕೆ ಅವನಿಗೆ ಮಾತಿನಲ್ಲೇ ಚಿಕಿತ್ಸೆ ಕೊಡಬೇಕು. "ಏನೂ ಆಗಲ್ಲ, ಹೆದರ್ಬೇಡ" ಎಂದು ಬಾಯಿತಪ್ಪಿ ಬಂದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಸಮಾಧಾನ ಹೇಳಿದಷ್ಟೂ ಮಕ್ಕಳು ಅದಕ್ಕೇ ಜೋತುಬೀಳುತ್ತಾರೆ, ಹೆದರಿಕೆ ಹಾಗೇ ಉಳಿಯುತ್ತದೆ.

"ಆ ಮಾತು ಬಿಡೋಕೆ ಎರಡು ತಿಂಗಳು ಹಿಡೀತು," ಎಂದು ನಗುತ್ತಾರೆ. "ಮನೇಲಿ ಅಮ್ಮಂಗೂ ಹೇಳೋದು ನಿಲ್ಲಿಸ್ದೆ. ಅವಳು ಮುನಿಸ್ಕೊಂಡ್ಲು."

ನರ್ಸ್ ಆಗಿ ಹದಿನಾಲ್ಕು ವರ್ಷ. ಎದೆ ಹೊಡೆದುಕೊಳ್ಳುತ್ತದೆ ಎಂದು ಬರುವ ಹರೆಯದವರನ್ನು ಇಸಿಜಿ ಮಾಡಿ, ಹೃದಯ ಸರಿಯಿದೆ ಎಂದು ವಾಪಸ್ ಕಳಿಸುವುದನ್ನು ನೋಡಿ ನೋಡಿ ರೋಸಿಹೋಗಿ, ಹೆದರಿಕೆಯ ಕಾಯಿಲೆಗೆ ಚಿಕಿತ್ಸೆ ಕಲಿಸುವ ಈ ತರಬೇತಿಗೆ ಸೇರಿದರು. "ಮೊಬೈಲ್ ನೋಡ್ಕೊಂಡು ಮನಸ್ಸಿನ ಡಾಕ್ಟ್ರಾಗ್ತೀರಾ?" ಎಂದು ಕೇಂದ್ರದ ವೈದ್ಯರು ಕೆಣಕಿದರಂತೆ. "ಪುಸ್ತಕ ನೋಡ್ಕೊಂಡು ನೀವಾಗಿಲ್ವಾ ಸಾರ್?" ಎಂದರು ಇವರು.

ತರಬೇತುದಾರರನ್ನೂ ಬಿಟ್ಟಿಲ್ಲ. ಹೆದರುವವರನ್ನು ಸ್ವಲ್ಪಸ್ವಲ್ಪವಾಗಿ ಲಿಫ್ಟ್ ಹತ್ತಿಸುವ ಅಭ್ಯಾಸ ಹೇಳಿಕೊಟ್ಟಾಗ, "ನಮ್ಮಲ್ಲಿ ಲಿಫ್ಟೇ ಇಲ್ಲ. ಬಸ್ಸಿನ ಪಾಠ ಮಾಡಿ" ಎಂದರು. ಈಗ ಪಾಠದಲ್ಲಿ ಬಸ್ಸಿದೆ.

ಊರಿನ ಬಸ್ಸಿನಲ್ಲೇ ಒಮ್ಮೆ ಉಸಿರುಗಟ್ಟಿದಂತಾಗಿ, ದರ್ಜಿಯೊಬ್ಬರ ಹದಿನಾರರ ಮಗಳು ನಾಲ್ಕು ತಿಂಗಳಿಂದ ಶಾಲೆಗೆ ಹೋಗಿರಲಿಲ್ಲ.

"ಓದು ಸಾಕು, ಮಷೀನ್ ಮುಂದೆ ಕೂರಿಸ್ತೀನಿ," ಎಂದರು ಅಪ್ಪ.

"ಆರು ವಾರ ಕೊಡಿ ಅಣ್ಣ. ಆಮೇಲೆ ಏನು ಬೇಕು ಅಂತ ಅವಳೇ ಹೇಳ್ಲಿ."

ಮೊದಲ ವಾರ ನರ್ಸಕ್ಕ, ಹುಡುಗಿ ಇಬ್ಬರೂ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತರು. ಎರಡನೆಯ ವಾರ ನಿಂತ ಬಸ್ಸಿನಲ್ಲಿ ಕೂತರು. ನಾಲ್ಕನೆಯ ವಾರ, ಓಡುವ ಬಸ್ಸಿನಲ್ಲಿ ಹುಡುಗಿ ಬೆವತು ಕೈ ಹಿಡಿದಳು. "ಏನೂ ಆಗಲ್ಲ ಅನ್ನಿ ಅಕ್ಕ."

"ಅನ್ನಲ್ಲ. ಏನಾಗುತ್ತೋ ಇಬ್ರೂ ನೋಡೋಣ."

ಹುಡುಗಿ ಬೈದಳು, ಅತ್ತಳು. ಜನ ತಿರುಗಿ ನೋಡಿದರು. ಆದರೆ ಅವಳು ನಡುವೆ ಇಳಿಯಲಿಲ್ಲ. ಆರನೆಯ ವಾರ ಒಬ್ಬಳೇ ಶಾಲೆಗೆ ಹೋಗಿ ಬಂದಳು. ಅಪ್ಪ ಕೇಳಿದ್ದಕ್ಕೆ, "ಓದ್ತೀನಿ" ಎಂದಳು.

ಹನ್ನೊಂದು ತಿಂಗಳಲ್ಲಿ ಅರವತ್ತಮೂರು ಮಂದಿ ಈಕೆಯ ಬಳಿ ಚಿಕಿತ್ಸೆಗೆ ಬಂದಿದ್ದಾರೆ. ಒಂಬತ್ತು ಮಂದಿ ನಡುವೆಯೇ ಬಿಟ್ಟರು. "ಅವರ ಮನೆಗೆ ನಾನೇ ಹೋಗ್ತೀನಿ. ಬಾಗಿಲು ಹಾಕ್ಕೊಂಡ್ರೆ ಮುಂದಿನ ವಾರ ಮತ್ತೆ ಹೋಗ್ತೀನಿ. ನಂಗೇನು ನಾಚಿಕೆ?"

ಏನು ಬೇಕು ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆ. "ಗುಡ್ಡದಾಚೆ ಊರುಗಳಿಗೂ ನನ್ನಂಥ ಒಬ್ಬಳು ಬೇಕು. ಕಲಿಸೋಕೆ ಯಾರಿಗೂ ಬಿಡುವಿಲ್ಲ ಅಂತಾರೆ ಮೇಲಿನವರು. ಸರಿ, ಯಾರಾದ್ರೂ ಒಬ್ಬಳನ್ನ ಕಳಿಸ್ಲಿ, ನಾನೇ ಕಲಿಸ್ತೀನಿ."