ಕೋನಪ್ಪ ಲೆಕ್ಕದಿಂದ ಬಿಟ್ಟ ಗ್ಯಾಲಕ್ಸಿ

ನನ್ನ ಅಕ್ಕನ ಗಂಡನಿಗೆ ವೀಕ್ಷಣಾಲಯದವರು ಇಟ್ಟ ಹೆಸರು ಕೋನಪ್ಪ. ಎದುರಿಗೆ ಇದ್ದಾಗ ‘ನ’ ಸರಿಯಾಗಿಯೇ ಬರುತ್ತಿತ್ತು, ಬೆನ್ನು ತಿರುಗಿಸಿದ ಮೇಲೆ ಅದು ‘ಣ’ ಆಗುತ್ತಿತ್ತು. ಭಾವನ ಕಿವಿಗೆ ಬಿದ್ದಿದ್ದು ಮೊದಲನೆಯದಷ್ಟೇ. ಅದನ್ನೂ ಅವರು ಬಿರುದು ಎಂದುಕೊಂಡಿದ್ದರು.

ಕೋನ ಅಳೆಯುವುದೇ ಅವರ ಕೆಲಸ. ಆಕಾಶದಲ್ಲಿ ಗ್ಯಾಲಕ್ಸಿಗಳು ನೂರಾರು ಒಟ್ಟಿಗೆ ಗುಂಪು ಕಟ್ಟಿಕೊಂಡಿರುವುದುಂಟು. ದೂರದರ್ಶಕದಿಂದ ತೆಗೆದ ಫೋಟೋದಲ್ಲಿ ಅವುಗಳಲ್ಲಿ ಹಲವು ಅಕ್ಕಿಕಾಳಿನ ಹಾಗೆ ಉದ್ದುದ್ದ ಕಾಣುತ್ತವೆ. ಆ ಕಾಳುಗಳೆಲ್ಲ ಒಂದು ಶಿಸ್ತಿನಲ್ಲಿ ತಿರುಗಿವೆಯೋ, ಬೇಕಾಬಿಟ್ಟಿ ಬಿದ್ದಿವೆಯೋ ಎನ್ನುವುದು ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆದರೆ ಭಾವನಿಗೆ ಉತ್ತರ ಮೊದಲೇ ಗೊತ್ತಿತ್ತು. ಗುಂಪಿನ ಗ್ಯಾಲಕ್ಸಿಗಳೆಲ್ಲ ನಡುವಿನ ಕಡೆಗೆ ಮುಖ ಮಾಡಿರುತ್ತವೆ, ಅಷ್ಟೇ. ಯಾಕೆ ಎಂದು ಕೇಳಿದರೆ, “ದೊಡ್ಡವರಿದ್ದ ಕಡೆ ಚಿಕ್ಕವರು ತಿರುಗಬೇಕಾದ್ದೇ” ಅನ್ನುತ್ತಿದ್ದರು.

ಮನೆಯಲ್ಲೂ ಇದೇ ವಿಜ್ಞಾನ. ಅವರು ಕುರ್ಚಿಯಲ್ಲಿ ಕೂತು ಮಾತು ಶುರು ಮಾಡಿದರೆ ಅಕ್ಕ ಒಲೆಗೆ ಬೆನ್ನು ಹಾಕಿ ಅವರ ಕಡೆ ತಿರುಗಿ ನಿಲ್ಲಬೇಕು. ಹಾಲು ಉಕ್ಕಿದರೆ ತಪ್ಪು ಹಾಲಿನದು.

ನಾನು ಅದೇ ವೀಕ್ಷಣಾಲಯದ ಫೋಟೋ ವಿಭಾಗದಲ್ಲಿದ್ದೆ. ಗಾಜಿನ ತಟ್ಟೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿ ಕಾಗದಕ್ಕೆ ಇಳಿಸಿಕೊಡುತ್ತಿದ್ದೆ. ಆ ಕೆಲಸ ಕೊಡಿಸಿದ್ದು ತಾನೇ ಎಂದು ಭಾವ ಎಲ್ಲರಿಗೂ ಹೇಳುತ್ತಿದ್ದರು. ನನಗೆ ಕೆಲಸ ಸಿಕ್ಕಿ ಎಷ್ಟೋ ವರ್ಷದ ಮೇಲೆ ಅಕ್ಕನನ್ನು ಮದುವೆಯಾದವರು ಅವರು.

ಅವರು ಅಳೆಯುವುದನ್ನು ನೋಡಬೇಕಿತ್ತು. ಎಡಗಣ್ಣಿಗೆ ಭೂತಗನ್ನಡಿ, ಬಲಗೈಯಲ್ಲಿ ಶಾಲಾ ಮಕ್ಕಳ ಕೋನಮಾಪಕ. ಉದ್ದದ ಗ್ಯಾಲಕ್ಸಿ ಸಿಕ್ಕಿದರೆ ಸರಿ. ದುಂಡಗಿನದು ಸಿಕ್ಕಿದರೆ ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಅದರಲ್ಲೂ ಒಂದು ಉದ್ದ ಹುಡುಕುತ್ತಿದ್ದರು. ಹಾಗೆ ಸಿಕ್ಕಿದ ಉದ್ದ ತಪ್ಪದೆ ನಡುವಿನ ಕಡೆಗೇ ಇರುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪಕ್ಕದ ಕೋಣೆಯ ಪ್ರೊಫೆಸರ್ ಮೇಡಂ ಒಂದು ಮಧ್ಯಾಹ್ನ ಕಾಫಿ ಲೋಟ ಹಿಡಿದುಕೊಂಡೇ ಬಂದು ಮೇಜಿನ ಮೇಲಿನ ಫೋಟೋ ನೋಡಿದರು. ನಾನೂ ಅಲ್ಲೇ ಇದ್ದೆ.

“ಸರ್, ನಡುವೆ ಇಷ್ಟು ದೊಡ್ಡದು ಮಲಗಿದೆಯಲ್ಲ, ಇದರ ಕೋನ ಎಲ್ಲಿ?”

“ಅದು ಇರೋದೇ ನಡುವೆ, ಮೇಡಂ. ನೀನು ನಡುವಿನ ಕಡೆ ತಿರುಗಿದೀಯಾ ಅಂತ ಅದನ್ನ ಕೇಳೋಕಾಗುತ್ತಾ? ಲೆಕ್ಕದಿಂದ ಬಿಟ್ಟಿದ್ದೀನಿ.”

“ಎಲ್ಲಾ ಗುಂಪಲ್ಲೂ?”

“ಎಲ್ಲಾ ಗುಂಪಲ್ಲೂ.”

“ಹಾಗಾದ್ರೆ ಅವನ್ನೆಲ್ಲ ನಾನು ನೋಡ್ಲಾ?”

“ಧಾರಾಳವಾಗಿ ನೋಡಿ. ನನಗೆ ಕೆಲಸಕ್ಕೆ ಬಾರದ್ದು ನಿಮಗಾದ್ರೂ ಬರಲಿ.” ಮೇಡಂ ಹೋದ ಮೇಲೆ ನನ್ನನ್ನು ನೋಡಿ ನಕ್ಕರು. “ಪಾಪ, ಬೇರೆ ಏನೂ ತೋಚ್ತಿಲ್ಲ ಅನ್ಸುತ್ತೆ.”

ಆಮೇಲೆ ಒಂದು ಸಮ್ಮೇಳನದಲ್ಲಿ ಯಾರೋ ಎದ್ದು ನಿಂತು, “ಅಳೆಯುವಾಗ ನಡು ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತಲ್ಲ, ಕಣ್ಣು ತಾನಾಗೇ ಆ ಕಡೆ ವಾಲಿದ್ರೆ?” ಎಂದು ಕೇಳಿದರು. ಸಭೆ ನಕ್ಕಿತು. ಭಾವ ಮನೆಗೆ ಬಂದವರು ಬೂಟು ಬಿಚ್ಚದೆ ಅಡುಗೆಮನೆವರೆಗೂ ಹೋಗಿ, “ಅವನ ಬಾಯಿ ಮುಚ್ಚಿಸ್ತೀನಿ” ಎಂದರು. ಅಕ್ಕ, “ಮೊದಲು ಬೂಟು ಬಿಚ್ಚಿ” ಎಂದಳು.

ಉಪಾಯ ಅವರದೇ. ಫೋಟೋದಿಂದ ಒಂದೊಂದು ಗ್ಯಾಲಕ್ಸಿಯನ್ನೂ ನಾನು ಬಿಲ್ಲೆಯ ಹಾಗೆ ಗುಂಡಗೆ ಕತ್ತರಿಸಬೇಕು. ಅದು ಎಲ್ಲಿತ್ತು, ಹೇಗಿತ್ತು ಎನ್ನುವ ಗುರುತು ಬಿಲ್ಲೆಯ ಬೆನ್ನಿಗೆ. ನಡು ಯಾವ ಕಡೆ ಎಂದು ಗೊತ್ತಿಲ್ಲದೆ ಅವರು ಅಳೆಯಬೇಕು. ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳಿಗೆ ಬೊಬ್ಬೆ ಬಂತು. ಅವರು ಅಳೆದರು. ಬೆನ್ನಿನ ಗುರುತಿಗೆ ಹೊಂದಿಸಿ ನೋಡಿದರೆ ಬೆಂಕಿಪೊಟ್ಟಣದಿಂದ ಕಡ್ಡಿ ಚೆಲ್ಲಿದ ಹಾಗಿತ್ತು. ಒಂದು ಆ ಕಡೆ, ಒಂದು ಈ ಕಡೆ. ನಡುವನ್ನು ಕೇಳುವವರೇ ಇಲ್ಲ.

ಮರುದಿನ ನಾನು ಅವರ ಕೋಣೆಗೆ ಹೋದಾಗ ಒಂದು ಬಿಲ್ಲೆಯನ್ನು ಭೂತಗನ್ನಡಿಯ ಕೆಳಗೆ ಸುಮ್ಮನೆ ತಿರುಗಿಸುತ್ತಾ ಕೂತಿದ್ದರು. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವರು ತಲೆ ಎತ್ತಿದರು.

“ನೀನು ಕತ್ತರಿಸಿದ್ದು ಸರಿಯಿಲ್ಲಮ್ಮ. ಓರೆಯಾಗಿದೆ.”

“ಭಾವ, ಗುಂಡಗೆ ಕತ್ತರಿಸಿದ್ದೀನಿ. ಗುಂಡಗಿರೋದಕ್ಕೆ ಓರೆ ಎಲ್ಲಿಂದ ಬರುತ್ತೆ?”

“ನೋಡು, ಅದೇ ತಪ್ಪು. ಉದ್ದದ ವಸ್ತುವನ್ನ ಯಾರಾದ್ರೂ ಗುಂಡಗೆ ಕತ್ತರಿಸ್ತಾರಾ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಲ್ಲೆಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ಮನೆಗೆ ಒಯ್ದು ಮಂಚದ ಕೆಳಗೆ ತಳ್ಳಿದರು. ಮುಂದಿನ ವಾರ ಕಾಲೇಜೊಂದರಲ್ಲಿ ಹಳೆಯ ಭಾಷಣವನ್ನೇ ಅಲ್ಪವಿರಾಮವೂ ಬದಲಾಗದಂತೆ ಮಾಡಿ ಬಂದರು.

ಇತ್ತ ಮೇಡಂ ನಡುವಿನ ದೊಡ್ಡ ಗ್ಯಾಲಕ್ಸಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಗುಂಪೂ ಪೂರ್ತಿ ದುಂಡಗಿರುವುದಿಲ್ಲ, ಒಂದು ದಿಕ್ಕಿಗೆ ಎಳೆದ ಹಾಗಿರುತ್ತದೆ. ನಡುವಿನ ದೊಡ್ಡದು ಮಲಗಿರುವುದೂ ಹೆಚ್ಚಾಗಿ ಅದೇ ಉದ್ದಕ್ಕೇ. ಗುಂಪಿಗೆ ಹೊಸಬರು ಬಂದು ಸೇರುವುದು ಆ ದಿಕ್ಕಿನಿಂದ, ದೊಡ್ಡದು ನುಂಗಿ ಬೆಳೆಯುವುದೂ ಅವರನ್ನೇ, ಅದಕ್ಕೇ ಹೀಗಿರಬೇಕು ಎಂದು ಮೇಡಂ ನನಗೆ ಫೋಟೋ ಮೇಲೆ ಬೆರಳಿಟ್ಟು ತೋರಿಸಿದರು. ಬೇರೆ ಕಡೆಯವರೂ ನೋಡಿ ಹೌದೆಂದರು. ಇಡೀ ಗುಂಪಿನಲ್ಲಿ ಎದ್ದು ಕಾಣುವ ಶಿಸ್ತು ಇದ್ದದ್ದು ಭಾವ ಲೆಕ್ಕದಿಂದ ಬಿಟ್ಟ ಒಂದಕ್ಕೇ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದರು, ಅದೂ ಬೆಣ್ಣೆಯನ್ನು ಪಕ್ಕದ ಮನೆಗೆ ಕೊಟ್ಟು.

ಭಾವನಿಗೆ ನಾಚಿಕೆಯಾಯಿತೇ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. “ಆ ವಿಷಯ ನಾನೇ ಕೊಟ್ಟಿದ್ದು” ಎಂದು ನೆಂಟರಿಗೆ, ಹಲ್ಲಿನ ಡಾಕ್ಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳತೊಡಗಿದರು. ಹಲ್ಲಿನ ಡಾಕ್ಟರು ಅವರ ಬಾಯಿಗೆ ಹತ್ತಿ ತುರುಕಿದ ಮೇಲೂ ಭಾವ ಹೇಳಿದರಂತೆ.

ಅವರ ನಿವೃತ್ತಿಯ ದಿನ ಸಣ್ಣ ಸಭೆ ಇಟ್ಟಿದ್ದರು. ಹಾರ, ಭಾಷಣ, ಚಹಾ. ಮೇಡಂ ಎದ್ದು ನಿಂತು ಎರಡೇ ಮಾತು ಹೇಳಿದರು: “ಕೋನಪ್ಪನವರು ಅದನ್ನ ಬಿಡದೆ ಹೋಗಿದ್ರೆ ನನಗೆ ಸಿಗ್ತಾನೇ ಇರಲಿಲ್ಲ. ಅವರು ಬಿಟ್ಟಿದ್ದಕ್ಕೆ ನಾನು ಋಣಿ.” ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ಭಾವ ಕೈ ಜೋಡಿಸಿ, ಕಣ್ಣು ತುಂಬಿಕೊಂಡು, ನಾಲ್ಕೂ ಕಡೆ ತಿರುಗಿ ವಂದಿಸಿದರು.

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಕನನ್ನು ಕೇಳಿದರು: “ಮೇಡಂ ನನ್ನ ಬಗ್ಗೆ ಏನಂದ್ರು ಕೇಳಿಸ್ತಾ?”

“ಕೇಳಿಸ್ತು,” ಎಂದಳು ಅಕ್ಕ ಕಿಟಕಿಯಾಚೆ ನೋಡುತ್ತಾ. “ನನಗೆ ಸರಿಯಾಗೇ ಕೇಳಿಸ್ತು.”

“ಇನ್ನೊಂದು ಸಲ ಹೇಳು.”

ಅಕ್ಕ ಹೇಳಿದಳು, ಒಂದಕ್ಷರ ಬಿಡದೆ. ಅವರಿಗೆ ಆಗಲೂ ಹೊಳೆಯಲಿಲ್ಲ.