ಒಣದ್ರಾಕ್ಷಿಗೆ ನೆರಳು

ಅವತ್ತು ಮಾಡಿದ ಕೆಲಸ ಇಷ್ಟು. ನಸುಕಿಗೇ ಎದ್ದು ನೀರು ತುಂಬಿದೆ. ಇವರ ಡಬ್ಬಿಗೆ ಚಪಾತಿ, ಮೆಂತ್ಯಪಲ್ಯ ಕಟ್ಟಿದೆ. ಮಗಳ ಸಾಲಿ ಅಂಗಿಗೆ ಗುಂಡಿ ಹಚ್ಚಿದೆ. ಹಿಂದಿನ ದಿನದ ಆಲಿಕಲ್ಲು ಮಳೆಗೆ ನೆನೆದಿದ್ದ ಗೋದಿಯನ್ನು ವರಾಂಡದಲ್ಲಿ ಹಳೆ ಸೀರೆ ಹಾಸಿ ಹರವಿದೆ.

ಬ್ಯಾಂಕಿನವರು ಇವರನ್ನು ನಾಸಿಕದ ಹತ್ತಿರದ ನಿಫಾಡಕ್ಕೆ ವರ್ಗ ಮಾಡಿ ಎರಡು ವರ್ಷವಾಗಿತ್ತು. ಮನೆಯ ಹಿಂದಿನ ದ್ರಾಕ್ಷಿ ತೋಟ ಮಹಡಿಯಲ್ಲಿದ್ದ ನಮ್ಮ ಮನೆ ಮಾಲಕರದೇ. ತೋಟದ ಅಂಚಿಗೊಂದು ತಗಡಿನ ಶೆಡ್ಡು. ಬೆಟ್ಟದ ಕಡೆಯಿಂದ ಕೂಲಿಗೆ ಬಂದ ಮೂರು ಸಂಸಾರ ಅದರಲ್ಲಿದ್ದವು. ಗೋಡೆ ಇಲ್ಲ, ಗೊಬ್ಬರದ ಚೀಲ ಬಿಚ್ಚಿ ಹೊಲಿದ ಪರದೆ ಅಷ್ಟೇ. ನೀರು ಪಂಪಿನ ಪೈಪಿನದು, ಅದೂ ಕರೆಂಟಿದ್ದಾಗ. ಬಳ್ಳಿಗೆ ಹೊಡೆಯುವ ಔಷಧದ ಖಾಲಿ ಡಬ್ಬಿ ತೊಳೆದು ಅದರಲ್ಲೇ ಕುಡಿಯುವ ನೀರು ಇಟ್ಟುಕೊಳ್ಳುತ್ತಿದ್ದರು. ಎರಡು ವಾರದ ಕೆಳಗೆ ಅಲ್ಲಿಯೇ ಒಬ್ಬ ಸೊಸೆಗೆ ಹೆರಿಗೆಯಾಗಿತ್ತು.

ಆ ವರ್ಷ ಹೊರದೇಶಕ್ಕೆ ಹೋಗುವ ಮಾಲು ಮೊದಲೇ ನಿಂತಿತ್ತು. ಅದರ ಮೇಲೆ ಆಲಿಕಲ್ಲು ಬಿತ್ತು. ಒಡೆಯದೆ ಉಳಿದ ಹಣ್ಣನ್ನು ಆರಿಸಿ ಒಣದ್ರಾಕ್ಷಿಯನ್ನಾದರೂ ಮಾಡೋಣವೆಂದು ಮಾಲಕರು ಅವತ್ತೇ ಶೆಡ್ಡು ಖಾಲಿ ಮಾಡಿಸಿದರು. ಬಿಸಿಲಿಗೆ ಹಾಕಿದರೆ ಕಪ್ಪಾಗುತ್ತದಂತೆ, ನೆರಳೇ ಬೇಕಂತೆ. ಆ ಹೆಂಗಸರೇ ತಮ್ಮ ಗಂಟು ಹೊರಗಿಟ್ಟು, ತಾವು ಮಲಗುತ್ತಿದ್ದ ಜಾಗ ಗುಡಿಸಿ, ಬಲೆ ಕಟ್ಟಿ ಹಣ್ಣು ಹರವಿದರು. ಅದೇ ಅವರ ಕೊನೆಯ ಕೆಲಸ.

ಸಂಜೆ ಬಾಣಂತಿಯ ಅತ್ತೆ ನಮ್ಮ ಗೇಟಿಗೆ ಬಂದಳು. ಮರಾಠಿಯಲ್ಲಿ ಕೇಳಿದಳು.

"ಬಾಯೀ, ಗಂಡಸರು ಗಾಡಿ ನೋಡಾಕ ಹೋಗ್ಯಾರ. ನಾಳೆ ಮುಂಜಾನೆ ಹೊಂಡ್ತೀವಿ. ನಾವೆಲ್ಲ ಬಳ್ಳಿ ಕೆಳಗೆ ಇರ್ತೀವಿ. ಸೊಸೆ, ಕೂಸು ಇವತ್ತೊಂದು ರಾತ್ರಿ ನಿಮ್ಮ ವರಾಂಡದಾಗ ಇರಲಿ. ನೆಲ ಹಸಿ ಐತ್ರಿ."

ನನ್ನ ಬಾಣಂತನದಲ್ಲಿ ನಮ್ಮವ್ವ ತಿಂಗಳುಗಟ್ಟಲೆ ನನ್ನನ್ನು ಹೊರಸಿನಿಂದ ಇಳಿಯಗೊಟ್ಟಿರಲಿಲ್ಲ, ಕೆಳಗೆ ಕೆಂಡ ಇಟ್ಟೇ ಇರುತ್ತಿದ್ದಳು. ಈ ಸೊಸೆಗೆ ಹನ್ನೊಂದು ದಿನವೂ ಕಳೆದಿತ್ತು, ಪುರುಡಿನ ಮೈಲಿಗೆಯ ನೆಪವೂ ಉಳಿದಿರಲಿಲ್ಲ.

ಮಹಡಿಯಿಂದ ಮಾಲಕರ ಹೆಂಡತಿ ಕೇಳಿಸಿಕೊಂಡರು. "ಏನ್ರಿ ವೈನಿ, ಧರ್ಮಶಾಲೆ ತೆಗೆದ್ರೇನು? ನಮಗೂ ಹೇಳ್ರಿ, ಹಾಸಿಗೆ ತರ್ತೀವಿ," ಅಂತ ನಕ್ಕರು.

ನಾನು ಮುದುಕಿಗೆ ಅಂದೆ, "ಜಾಗ ಎಲ್ಲೈತಿ? ಗೋದಿ ಹರವೀನಿ ನೋಡು."

"ನಾನೇ ಬದಿಗೆ ಸರಿಸ್ತೀನ್ರಿ. ಒಂದು ಕಾಳೂ ಚೆಲ್ಲೂದಿಲ್ಲ."

"ಇನ್ನೂ ಹಸಿ ಐತಿ. ಒತ್ತಿ ಹಾಕಿದರ ಮುಗ್ಗ ಹಿಡೀತದ."

ಆಕೆ ಗೋದಿಯನ್ನು ನೋಡಿದಳು. "ಖರೆ ಬಾಯೀ, ಹಸಿಯೊಳಗ ಕೆಡ್ತದ," ಅಂದಳು. ಹೊರಟುಹೋದಳು.

ಇವರು ಬಂದ ಮೇಲೆ ಹೇಳಿದೆ.

"ಮಾಲಕರ ಮನ್ಯಾಗ ಇದ್ದು ಅವರಿಗೇ ಎದುರಾಗೂದು ಬ್ಯಾಡ. ಚಲೋ ಮಾಡಿದಿ," ಅಂದರು.

"ಚಲೋ ಅಂತೂ ಅನಬ್ಯಾಡ್ರಿ," ಅಂದೆ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದೆ. ಆರು ರೊಟ್ಟಿ ಮಗಳ ಕೈಯಲ್ಲಿ ತೋಟಕ್ಕೆ ಕಳಿಸಿದೆ. ಅವಳು ವಾಪಸ್ ಬಂದು, "ಕೂಸಿನ್ನ ದ್ರಾಕ್ಷಿ ಕ್ರೇಟಿನಾಗ ಹಾಕ್ಯಾರ ಅವ್ವಾ, ಇನ್ನೂ ಮಲಗಿಲ್ಲ," ಅಂದಳು. ಇವರು ಮೂರು ರೊಟ್ಟಿ ತಿಂದರು, ನಾನು ಎರಡು. ಮಗಳು ಪಲ್ಯ ಮುಟ್ಟಲಿಲ್ಲ. ನಿದ್ದೆ ಬರಲಾರದು ಅಂದುಕೊಂಡೇ ಅಡ್ಡಾದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ನನಗೇ.